‘ಓಜೋನ್’ ಶಬ್ದವೂ ಮೀನುತೊಟ್ಟಿಯ ಓಜೋನ್ ಯಂತ್ರವೂ

‘ಓಜೋನ್’ ಎಂಬ ಶಬ್ದವು ಸಂಸ್ಕೃತವನ್ನು ಬಲ್ಲವರ ಕಿವಿಗೆ ‘ಓಜಸ್’ ಎಂಬುದರ ರೂಪಾಂತರವೋ ಎಂಬಂತೆ ಕೇಳಿಸುವುದು ಸಹಜವಾಗಿದೆ. ಓಜಸ್ಸೆಂದರೆ ಬಲ, ತೇಜಸ್ಸು, ಪ್ರಾಣಶಕ್ತಿ. ಗಾಳಿಯಲ್ಲಿರುವ ಓಜಸ್ಸೇ ಓಜೋನ್ ಎಂದು ವಿವರಿಸಿದರೆ ಕೇಳುವವರಿಗೆ ಹಿತವಾಗಿಯೂ ಇರುತ್ತದೆ. ಆದರೆ ಈ ನಿರ್ವಚನವು ಸಾಧುವಲ್ಲ. ಓಜೋನ್ ಎಂಬುದು ‘ವಾಸನೆಗೊಡು’ ಎಂಬರ್ಥದ ಗ್ರೀಕ್ ಕ್ರಿಯಾಪದದಿಂದ ಹುಟ್ಟಿದುದು. ಲ್ಯಾಟಿನ್ ಭಾಷೆಯ ‘ಓಡೋರ್’ ಅದರ ದಾಯಾದಿ. ಓಜಸ್ಸಿನ ಬಂಧುಗಳಾದರೋ ನಮ್ಮ ‘ಉಗ್ರ’ ಶಬ್ದವೂ ಲ್ಯಾಟಿನ್ನಿನ ‘ಔಗುಸ್ತುಸ್’ ಶಬ್ದವೂ ಆಗಿವೆ. ಧ್ವನಿಸಾಮ್ಯವೊಂದನ್ನೇ ನೆಚ್ಚಿ ಇವೆರಡನ್ನು ಒಂದುಗೂಡಿಸಲಾಗದು.

ಇದು ವ್ಯುತ್ಪತ್ತಿಗೆ ಮಾತ್ರ ಸಂಬಂಧಿಸಿದ ವಿಚಾರವಾಗಿದ್ದರೆ ಇಷ್ಟಕ್ಕೇ ಬಿಡಬಹುದಾಗಿತ್ತು. ಆದರೆ ಗಾಜಿನ ತೊಟ್ಟಿಗಳಲ್ಲಿ ಮೀನು ಸಾಕುವವರಲ್ಲಿ ಕೆಲವರು, ನೀರಿನ ಶುದ್ಧಿಗಾಗಿ, ಓಜೋನನ್ನು ಹುಟ್ಟಿಸುವ ಯಂತ್ರವನ್ನು ಮನೆಯಲ್ಲಿಯೇ ಕಟ್ಟಿಕೊಳ್ಳುವುದುಂಟು. ಅಂಥವರು ಅದನ್ನು ಓಜಸ್ಸೆಂದು ನಂಬಿದರೆ ಕೇಡು ಮೀನಿಗೂ ಉಂಟು, ಮನೆಯವರಿಗೂ ಉಂಟು. ವಾಸನೆಯೆಂದು ತಿಳಿದರೆ ಹೆಸರೇ ಎಚ್ಚರಿಕೆಯಾಗುವುದು.

ಕ್ರಿ. ಶ. 1785ರಲ್ಲಿ ಹಾಲೆಂಡಿನ ಹಾರ್ಲೆಮ್ ಪಟ್ಟಣದ ವಾನ್ ಮಾರುಮ್ ಎಂಬ ವಿದ್ವಾಂಸನು ದೊಡ್ಡದೊಂದು ವಿದ್ಯುದ್ಯಂತ್ರವನ್ನು ತಿರುಗಿಸುತ್ತಿದ್ದಾಗ ವಿಲಕ್ಷಣವಾದ ವಾಸನೆಯೊಂದನ್ನು ಗಮನಿಸಿದನು. 1840ರಲ್ಲಿ ಬಾಸೆಲ್ ನಗರದ ರಸಾಯನಶಾಸ್ತ್ರಜ್ಞ ಷೋನ್‌ಬೈನನು ಆ ವಾಸನೆಗೆ ಆಶ್ರಯವಾದ ದ್ರವ್ಯಕ್ಕೆ ಓಜೋನ್ ಎಂದು ಹೆಸರಿಟ್ಟನು. ಗಂಧವು ಪೃಥಿವಿಯ ಗುಣವೆಂದೂ, ವಾಯುವಿನಲ್ಲಿ ಅದು ತೋರಿದರೆ ಪಾರ್ಥಿವ ಕಣಗಳ ಸಂಪರ್ಕವೇ ಕಾರಣವೆಂದೂ ನಮ್ಮ ನೈಯಾಯಿಕರ ಮತವಷ್ಟೆ. ಷೋನ್‌ಬೈನನೂ ಮೊದಲು ಇದನ್ನು ಕ್ಲೋರಿನ್, ಬ್ರೋಮಿನ್‌ಗಳ ಜಾತಿಗೆ ಸೇರಿದ ಬೇರೊಂದು ದ್ರವ್ಯವೆಂದೇ ಊಹಿಸಿದ್ದನು. ಅದು ಆಮ್ಲಜನಕವೇ ಹೊರತು ಬೇರೆಯಲ್ಲವೆಂದೂ, ಸಾಮಾನ್ಯವಾದ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿದ್ದರೆ ಇದರಲ್ಲಿ ಮೂರಿರುವುವೆಂದೂ 1865ರಲ್ಲಿ ಸೋರೆ ಎಂಬವನು ನಿರ್ಣಯಿಸಿದನು.

ಆ ಮೂರನೆಯ ಪರಮಾಣುವಿನ ನಂಟು ಸಡಿಲವಾದುದು. ಎದುರಾದ ವಸ್ತುವನ್ನು ಹಿಡಿದು ಅದನ್ನು ದಹಿಸುವಂತೆ ಮಾರ್ಪಡಿಸುವುದೇ ಅದರ ಸ್ವಭಾವ. ಓಜೋನಿನ ಉಪಕಾರ ಅಪಕಾರಗಳೆರಡಕ್ಕೂ ಇದೇ ಮೂಲ. ಫ್ರಾನ್ಸಿನ ನೀಸ್ ನಗರದಲ್ಲಿ 1906ರಿಂದ ಕುಡಿಯುವ ನೀರನ್ನು ಇದರಿಂದ ಶುದ್ಧಿಮಾಡತೊಡಗಿದರು. ಇತ್ತ ಹತ್ತೊಂಬತ್ತನೆಯ ಶತಮಾನದಲ್ಲಿ, ಕಡಲ ತೀರದ ಗಾಳಿಯಲ್ಲಿ ಓಜೋನ್ ತುಂಬಿದೆ, ಅದನ್ನು ಸೇವಿಸಿದರೆ ಆರೋಗ್ಯ ಬರುತ್ತದೆ ಎಂಬ ನಂಬಿಕೆಯೂ ಯೂರೋಪಿನಲ್ಲಿ ಹರಡಿತು. ಕಡಲ ವಾಸನೆಗೆ ಮುಖ್ಯ ಕಾರಣ ಗಂಧಕದ ಸಂಯುಕ್ತಗಳೇ ಹೊರತು ಓಜೋನಲ್ಲ. ಶ್ವಾಸಕೋಶಕ್ಕಂತೂ ಓಜೋನ್ ವಿಷಪ್ರಾಯವಾದುದು.

ಮನೆಯಲ್ಲಿ ಕಟ್ಟುವ ಯಂತ್ರಕ್ಕೆ ಸಾಮಾನ್ಯವಾಗಿ ಮಾದರಿಯಾಗಿರುವುದು ಬರ್ಲಿನ್ನಿನ ಸೀಮೆನ್ಸನು 1857ರಲ್ಲಿ ರಚಿಸಿದ ಕೊಳವೆ. ಒಂದು ಗಾಜಿನ ಕೊಳವೆಯೊಳಗೆ ಅದಕ್ಕಿಂತ ಕಿರಿದಾದ ಇನ್ನೊಂದನ್ನಿಟ್ಟು, ಹೊರಗಿನದರ ಹೊರಮೈಗೂ ಒಳಗಿನದರ ಒಳಮೈಗೂ ಲೋಹದ ತಗಡನ್ನು ಹೊದಿಸಿ, ನಡುವಣ ಸಂದಿಯಲ್ಲಿ ಗಾಳಿಯನ್ನು ಹಾಯಿಸುವರು. ಎರಡು ತಗಡುಗಳಿಗೂ ಹಲವು ಸಾವಿರ ವೋಲ್ಟುಗಳ ವಿದ್ಯುತ್ತನ್ನು ಕೊಟ್ಟಾಗ ಸಂದಿಯಲ್ಲಿ ಕಿಡಿ ಸಿಡಿಯದೆ ನಸುನೀಲಿಯ ಮೌನವಿಸರ್ಜನೆಯುಂಟಾಗಿ ಓಜೋನ್ ಹುಟ್ಟುವುದು. ಒಳಹೋಗುವ ಗಾಳಿ ಒಣಗಿರಬೇಕು. ಅದಕ್ಕಾಗಿ ಅದನ್ನು ಮೊದಲು ಸಿಲಿಕಾ ಜೆಲ್ ಹರಳುಗಳ ಮೂಲಕ ಹಾಯಿಸುವರು. ತೇವದ ಗಾಳಿಯಿಂದ ಓಜೋನ್ ಕಡಮೆಯಾಗುವುದಲ್ಲದೆ, ನೈಟ್ರಿಕ್ ಆಮ್ಲ ಹುಟ್ಟಿ ಲೋಹವನ್ನು ತಿನ್ನುತ್ತದೆ. ಗಾಳಿಯ ಬದಲು ಶುದ್ಧ ಆಮ್ಲಜನಕವನ್ನು ಹಾಯಿಸುವ ಆಸೆಯನ್ನು ಮನೆಯಲ್ಲಿ ಬಿಡತಕ್ಕದ್ದು. ಅದರಿಂದ ಬೆಂಕಿಯ ಭಯವುಂಟು.

ಮೊದಲನೆಯ ಅಪಾಯ ವಿದ್ಯುತ್ತಿನದು. ಇಷ್ಟು ವೋಲ್ಟುಗಳ ಸ್ಪರ್ಶವು ಪ್ರಾಣವನ್ನೇ ತೆಗೆಯಬಲ್ಲದು. ಇದರಲ್ಲಿ ಪಳಗದವನು ಆ ಭಾಗವನ್ನು ತಾನೇ ಹೆಣೆಯದೆ, ಪರೀಕ್ಷೆಗೊಳಗಾದ ಸಿದ್ಧವಸ್ತುವನ್ನು ಕೊಳ್ಳುವುದೇ ಲೇಸು. ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಭೂಮಿಗೆ ತಂತಿ ಕೊಟ್ಟಿರಬೇಕು. ಸೋರುವ ವಿದ್ಯುತ್ತನ್ನರಿತು ತಾನಾಗಿ ಕಡಿದುಕೊಳ್ಳುವ ಸ್ವಿಚ್ಚೂ ಇರಬೇಕು. ಪೆಟ್ಟಿಗೆಯ ಸ್ಥಾನ ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆ. ಗಾಳಿಯ ಪಂಪು ನಿಂತೊಡನೆ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ವಿದ್ಯುತ್ತಿನ ಭಾಗವನ್ನು ಸೇರದಂತೆ ತಡೆಕವಾಟವನ್ನೂ ಇಡಬೇಕು. ರಬ್ಬರಿನ ಕೊಳವೆ ಓಜೋನಿನಿಂದ ಬಿರುಕುಬಿಡುವುದರಿಂದ ಗಾಜು, ಟೆಫ್ಲಾನ್ ಮೊದಲಾದವುಗಳನ್ನೇ ಬಳಸತಕ್ಕದ್ದು.

ಎರಡನೆಯದು ಮೀನಿಗೆ ಬರುವ ಅಪಾಯ. ಓಜೋನ್ ನೀರಿನ ಹಳದಿ ಬಣ್ಣವನ್ನೂ ಕೊಳೆತ ಕಣಗಳನ್ನೂ ರೋಗಾಣುಗಳನ್ನೂ ನಾಶಮಾಡುತ್ತದೆಂಬುದು ದಿಟ. ಆದರೆ ರೋಗಾಣು ಯಾವುದು, ಮೀನಿನ ಕಿವಿರು ಯಾವುದು ಎಂಬ ವಿವೇಕ ಅದಕ್ಕಿಲ್ಲ. ಆದುದರಿಂದ ಅದನ್ನು ನೇರವಾಗಿ ತೊಟ್ಟಿಗೆ ಬಿಡಕೂಡದು. ನೀರನ್ನು ಬೇರೊಂದು ಪಾತ್ರೆಗೆ ಹರಿಸಿ, ಅಲ್ಲಿ ಓಜೋನಿನೊಡನೆ ಬೆರಸಿ, ಸಕ್ರಿಯ ಇದ್ದಿಲಿನ ಮೂಲಕ ಸೋಸಿದ ಮೇಲೆಯೇ ತೊಟ್ಟಿಗೆ ಹಿಂದಿರುಗಿಸಬೇಕು. ಕಡಲ ನೀರಿನ ತೊಟ್ಟಿಯಲ್ಲಿ ಈ ನಿಯಮ ಇನ್ನೂ ಬಿಗಿಯಾದುದು. ಆ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 65 ಮಿಲಿಗ್ರಾಮಿನಷ್ಟು ಬ್ರೋಮೈಡ್ ಇರುತ್ತದೆ. ಓಜೋನ್ ಅದರೊಡನೆ ಕೂಡಿ ಹುಟ್ಟಿಸುವ ಸಂಯುಕ್ತಗಳು, ಓಜೋನ್ ಅಳಿದ ಮೇಲೆಯೂ ಉಳಿದು ಮೀನನ್ನು ಬಾಧಿಸುವುವು.

ಮೂರನೆಯದು ಮನೆಯವರಿಗೆ ಬರುವ ಅಪಾಯ. ಪಾತ್ರೆಯಿಂದ ಹೊರಬರುವ ಗಾಳಿಯನ್ನೂ ಸಕ್ರಿಯ ಇದ್ದಿಲಿನ ಮೂಲಕವೇ ಬಿಡಬೇಕು. ಕೋಣೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತಿರಬೇಕು. ಮಲಗುವ ಕೋಣೆಯಲ್ಲಿ ಈ ಯಂತ್ರವನ್ನು ಇಡಲೇಬಾರದು. ಕಾರ್ಖಾನೆಯ ಕೆಲಸಗಾರರಿಗೆ ಅಮೆರಿಕದ ಸರ್ಕಾರವು ವಿಧಿಸಿರುವ ಮಿತಿ, ಎಂಟು ಗಂಟೆಗಳ ಸರಾಸರಿಯಲ್ಲಿ, ಒಂದು ಕೋಟಿ ಭಾಗ ಗಾಳಿಗೆ ಓಜೋನ್ ಒಂದು ಭಾಗ ಮಾತ್ರ. ಅದಕ್ಕಿಂತ ಕಡಮೆಯಿರುವಾಗಲೇ ಬಹುಮಂದಿಯ ಮೂಗಿಗೆ ವಾಸನೆ ತಿಳಿಯುವುದು ಒಂದು ಭಾಗ್ಯ. ವಾಸನೆ ಬಂದೊಡನೆ ಯಂತ್ರವನ್ನು ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನು ತೆರೆದು, ಸೋರಿಕೆಯನ್ನು ಹುಡುಕತಕ್ಕದ್ದು.

ಇಲ್ಲಿ ಹೇತ್ವಾಭಾಸವೊಂದಕ್ಕೆ ಎಡೆಯುಂಟು. ವಾಸನೆಯಿದ್ದರೆ ಓಜೋನ್ ಇದೆಯೆಂಬುದು ಸರಿ. ವಾಸನೆಯಿಲ್ಲವಾದ್ದರಿಂದ ಓಜೋನ್ ಇಲ್ಲವೆಂಬುದು ಸರಿಯಲ್ಲ. ಸ್ವಲ್ಪ ಹೊತ್ತಿನಲ್ಲಿ ಘ್ರಾಣೇಂದ್ರಿಯವು ಆ ವಾಸನೆಗೆ ಒಗ್ಗಿಹೋಗಿ ಅದನ್ನು ಗ್ರಹಿಸುವುದನ್ನೇ ಬಿಡುವುದು. ಆಗ ಮೌನವಾದುದು ಮೂಗೇ ಹೊರತು ವಿಷವಲ್ಲ. ಆದಕಾರಣ ಮೂಗಿನ ಸಾಕ್ಷ್ಯದ ಜತೆಗೆ ಅಳತೆಯ ಉಪಕರಣವೂ ಬೇಕು.

ಕನ್ನಡದಲ್ಲಿ ಓಜೋನ್ ಎಂಬ ಹೆಸರನ್ನೇ ಉಳಿಸಿಕೊಳ್ಳುವುದರಿಂದ ದೋಷವೇನೂ ಇಲ್ಲ. ಉಪಾಧ್ಯಾಯರು ಅದನ್ನು ಬೋಧಿಸುವಾಗ ಓಜಸ್ಸಿನ ಕಡೆಗೆ ಕೈತೋರದೆ, ‘ವಾಸನೆ ಬೀರುವುದು’ ಎಂಬ ಅರ್ಥವನ್ನು ಹೇಳಿಕೊಟ್ಟರೆ ಸಾಕು. ಆ ಅರ್ಥವನ್ನು ನೆನಪಿನಲ್ಲಿಟ್ಟುಕೊಂಡ ವಿದ್ಯಾರ್ಥಿಯು ಮುಂದೆಂದಾದರೂ ಇಂಥ ಯಂತ್ರದ ಬಳಿ ನಿಂತಾಗ, ವಾಸನೆ ಹತ್ತಿದೊಡನೆ ಅದನ್ನು ಆರೋಗ್ಯದ ಗಾಳಿಯೆಂದು ಎಳೆದುಕೊಳ್ಳದೆ, ಸ್ವಿಚ್ಚಿಗೆ ಕೈಹಾಕುವನು.