ಹಲವು ರಾಜ್ಯಗಳ ಮೋಟಾರು ಪ್ರಯಾಣ

ಯೂರೋಪು ಖಂಡದ ನಾಲ್ಕಾರು ದೇಶಗಳನ್ನು ಮೋಟಾರಿನಲ್ಲಿ ಸುತ್ತಿ ಬರಬೇಕೆಂಬ ಅಪೇಕ್ಷೆಯುಳ್ಳವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಭೂಪಟವನ್ನು ಹರಡಿಕೊಂಡು ದೂರವನ್ನು ಅಳೆಯುವುದು. ದೂರವು ಅಲ್ಲಿ ದೊಡ್ಡ ತೊಡಕಲ್ಲ, ಗಡಿಯೇ ತೊಡಕು. ಈ ಮಾತನ್ನು ತಿಳಿಯಲು ಕನ್ನಡಿಗರಾದ ನಾವು ಸಮುದ್ರವನ್ನು ದಾಟಬೇಕಾಗಿಲ್ಲ. ಹುಣಸಗಿಯಿಂದಲೇ ಹೊರಟು ನೋಡೋಣ.

1945ನೆಯ ಇಸವಿಯಲ್ಲಿ ಸುರಪುರ ಸೀಮೆಯ ಹುಣಸಗಿಯು ನಿಜಾಮರ ಆಳ್ವಿಕೆಯೊಳಗಿತ್ತು. ಅಲ್ಲಿಂದ ಪಡುವಲಿಗೆ ನಡೆದು, ಡೋಣಿ ನದಿಯ ದಂಡೆಯಲ್ಲಿರುವ ತಾಳಿಕೋಟೆಗೆ ಬಂದವನು ಮುಂಬಯಿ ಪ್ರಾಂತಕ್ಕೆ ಬಂದಂತಾಯಿತು. ಹೊಲದ ಮಣ್ಣು ಅದೇ, ಬಿತ್ತುವ ಜೋಳ ಅದೇ, ಆಡುವ ಮಾತು ಅದೇ. ಆದರೆ ಜೇಬಿನ ನಾಣ್ಯವು ಬೇರೆಯಾಗಬೇಕು. ಏಳು ಹಾಲಿ ರೂಪಾಯಿಗೆ ಆರು ಕಲದಾರ ರೂಪಾಯಿ ಎಂಬುದು ಆಗಿನ ಲೆಕ್ಕ. ಅಂಚೆಯ ಚೀಟಿಯೂ ಬೇರೆ. ಸರಕಿದ್ದರೆ ಸುಂಕದ ಕಟ್ಟೆಯಲ್ಲಿ ನಿಲ್ಲಬೇಕು. ಅದೇ ಪ್ರಯಾಣಿಕನು ಬಾಗಲಕೋಟೆ, ಗದಗುಗಳನ್ನು ಕಂಡು ಮೂಡಲಿಗೆ ತಿರುಗಿ ಕೊಪ್ಪಳಕ್ಕೆ ಬಂದರೆ ಮತ್ತೆ ನಿಜಾಮರ ಸೀಮೆ, ಅದೂ ಸಾಲಾರ್ ಜಂಗರ ಜಾಗೀರು. ತುಂಗಭದ್ರೆಯನ್ನು ದಾಟಿ ಹೊಸಪೇಟೆಗೆ ಕಾಲಿಟ್ಟರೆ ಮದರಾಸು. ಸಂಡೂರಿನ ಕಣಿವೆಯನ್ನು ಹೊಕ್ಕರೆ ಘೋರ್ಪಡೆಯವರ ಪುಟ್ಟ ಸಂಸ್ಥಾನ. ಅದನ್ನು ಬಿಟ್ಟು ಕೂಡ್ಲಿಗಿಗೆ ಬಂದರೆ ಪುನಃ ಮದರಾಸು. ಕಟ್ಟಕಡೆಗೆ ಚಿತ್ರದುರ್ಗದಲ್ಲಿ ಮೈಸೂರು. ಹೀಗೆ ಐದು ಸರ್ಕಾರಗಳು, ಆರು ಗಡಿಗಳು, ಒಂದೇ ಭಾಷೆ!

1948ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ಮರುವರ್ಷ ಸಂಡೂರು ಬಳ್ಳಾರಿಯ ಭಾಗವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಬಂದಿತು. 1956ರ ನವೆಂಬರ್ 1ರಂದು ಮಿಕ್ಕ ಗಡಿಗಳೂ ಅಳಿದುವು. ಹಾಲಿ ಸಿಕ್ಕವು ಮಾತ್ರ 1959ರವರೆಗೆ ಬದುಕಿತ್ತು. ಗಡಿಯು ಹೋದ ಕೂಡಲೇ ಗಡಿಯ ಅಭ್ಯಾಸಗಳು ಹೋಗುವುದಿಲ್ಲವೆಂಬುದಕ್ಕೆ ಇದು ಚಿಕ್ಕ ಸಾಕ್ಷಿ. ಯೂರೋಪಿನಲ್ಲಿ ಇಂದು ಪ್ರಯಾಣಿಕನ ಕೈಸುಡುವುದೂ ಈ ಉಳಿದುಹೋದ ಅಭ್ಯಾಸಗಳೇ.

ಅಲ್ಲಿ ಆದದ್ದೇನೆಂದರೆ, ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತ ಒಂದು ಹಡಗಿನ ಮೇಲೆ, 1985ರ ಜೂನ್ 14ರಂದು ಐದು ರಾಷ್ಟ್ರಗಳು ತಮ್ಮತಮ್ಮೊಳಗಿನ ಗಡಿತಪಾಸಣೆಯನ್ನು ಕ್ರಮೇಣ ತೆಗೆದುಹಾಕಲು ಒಪ್ಪಿದುವು. 2025ರ ಹೊತ್ತಿಗೆ ಆ ಒಕ್ಕೂಟದಲ್ಲಿ 29 ರಾಷ್ಟ್ರಗಳಿದ್ದುವು. ಭಾರತೀಯನಿಗೆ ಇವೆಲ್ಲಕ್ಕೂ ಒಂದೇ ವೀಸಾ, ಅಂದರೆ ಒಂದೇ ರಹದಾರಿ, ಸಾಕು. ಆದರೆ ಅದನ್ನು ಮನಸ್ಸಿಗೆ ಬಂದ ದೇಶದವರಲ್ಲಿ ಕೇಳುವಂತಿಲ್ಲ. ಯಾವ ದೇಶದಲ್ಲಿ ಹೆಚ್ಚು ದಿನ ತಂಗುವೆವೋ ಆ ದೇಶದವರಲ್ಲಿ, ಎಲ್ಲೆಡೆಯೂ ಸಮದಿನಗಳಾದರೆ ಮೊದಲು ಕಾಲಿಡುವ ದೇಶದವರಲ್ಲಿ ಕೇಳಬೇಕು. ಆದುದರಿಂದಲೇ ದಿನಗಳ ಹಂಚಿಕೆಯು ಅರ್ಜಿಗೆ ಮುಂಚೆಯೇ ನಿಶ್ಚಯವಾಗಿರತಕ್ಕದ್ದು. ಯಾವುದೇ 180 ದಿನಗಳಲ್ಲಿ 90ಕ್ಕೆ ಮೀರಿ ಇರಕೂಡದು. ಹೊಗುವ ದಿನವೂ ಹೊರಡುವ ದಿನವೂ ಲೆಕ್ಕಕ್ಕೆ ಸೇರುತ್ತವೆ. 30,000 ಯೂರೋಗಳಿಗೆ ಕಡಮೆಯಿಲ್ಲದ ಚಿಕಿತ್ಸಾ ವಿಮೆಯೂ ಬೇಕು.

ಇಲ್ಲಿ ಅನೇಕರ ಯೋಜನೆಯನ್ನೇ ಮುರಿಯುವ ಸಂಗತಿಯೊಂದುಂಟು. ಬ್ರಿಟನ್ನೂ ಐರ್ಲೆಂಡೂ ಈ ಒಕ್ಕೂಟದ ಹೊರಗಿವೆ. ಪ್ಯಾರಿಸ್ಸನ್ನು ನೋಡಿ, ನಡುವೆ ಲಂಡನ್ನಿಗೆ ಹೋಗಿ, ಮರಳಿ ಜರ್ಮನಿಗೆ ಬರುವೆನೆನ್ನುವವನ ರಹದಾರಿಯು ಒಂದೇ ಸಲದ ಪ್ರವೇಶಕ್ಕೆ ಕೊಟ್ಟದ್ದಾದರೆ, ಅವನು ಹಿಂದಿರುಗುವಾಗ ಬಾಗಿಲು ಮುಚ್ಚಿರುತ್ತದೆ. ಮುಂದಣ ಬಿಡಾರಗಳಿಗೆ ಕಟ್ಟಿದ ಹಣವೂ ಹೋಗುತ್ತದೆ. ಲಂಡನ್ನನ್ನು ಪ್ರಯಾಣದ ಆದಿಯಲ್ಲಾದರೂ ಅಂತ್ಯದಲ್ಲಾದರೂ ಇಟ್ಟುಕೊಳ್ಳುವುದು ಲೇಸೆಂದು ನಾವು ಹೇಳುತ್ತೇವೆ. ಪೂರ್ತಿಯಾಗಿ ಬಿಟ್ಟರೆ ಇನ್ನೂ ಲೇಸು.

ಇನ್ನು ಗಾಡಿ. ಬಾಡಿಗೆಗೆ ಕೊಡುವವರಿಂದ, ಹೋಗಲಿರುವ ಪ್ರತಿಯೊಂದು ದೇಶದ ಹೆಸರಿಗೂ ಬರಹದ ಅನುಮತಿಯನ್ನು ಪಡೆಯಬೇಕು. ಒಂದು ದೇಶದಲ್ಲಿ ಪಡೆದ ಗಾಡಿಯನ್ನು ಇನ್ನೊಂದರಲ್ಲಿ ಒಪ್ಪಿಸಿದರೆ ಬಾಡಿಗೆಯ ಮೇಲೆ ದೊಡ್ಡ ದಂಡವೇ ಬೀಳುವುದುಂಟು. ಆದಕಾರಣ ಹೊರಟಲ್ಲಿಗೇ ಬಂದು ಸೇರುವ ಸುತ್ತನ್ನು ಆರಿಸಬೇಕು. ಉದಾಹರಣೆಗೆ, ಫ್ರಾಂಕ್‌ಫರ್ಟಿನಿಂದ ಸ್ಟ್ರಾಸ್‌ಬುರ್ಗ್, ಬಾಸೆಲ್, ಲುಟ್ಸರ್ನ್, ಇನ್ಸ್‌ಬ್ರುಕ್, ಮ್ಯೂನಿಕ್ ಎಂದು ಹೊರಟು ಮತ್ತೆ ಫ್ರಾಂಕ್‌ಫರ್ಟ್. ನಾಲ್ಕು ದೇಶಗಳು, ಸುಮಾರು 1300 ಕಿಲೋಮೀಟರು. ಇದನ್ನು ಎರಡು ವಾರಗಳಿಗೆ ಕಡಮೆಯಲ್ಲಿ ಮುಗಿಸುವವನು ರಸ್ತೆಯನ್ನು ನೋಡಿಯಾನೇ ಹೊರತು ಊರನ್ನಲ್ಲ.

ಈ ಸುತ್ತಿನಲ್ಲಿ ಗಡಿಯಲ್ಲಿ ಯಾರೂ ತಡೆಯದೆ ಇರಬಹುದು, ಆದರೆ ನಮ್ಮ ಹಾಲಿ-ಕಲದಾರದ ಕಥೆಯು ಅಲ್ಲಿ ಜೀವಂತವಾಗಿದೆ. ಮೂರು ದೇಶಗಳಲ್ಲಿ ಯೂರೋ, ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕು. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ 40 ಫ್ರಾಂಕುಗಳ ವಾರ್ಷಿಕ ಚೀಟಿ ಬೇಕು. ಒಂದು ದಿನ ಓಡಿಸಿದರೂ ಅಷ್ಟೇ. ಆಸ್ಟ್ರಿಯಾದವರು ಅಲ್ಪಕಾಲದ ಚೀಟಿಯನ್ನೂ ಕೊಡುತ್ತಾರೆ, ಆದರೆ ಆರ್ಲ್‌ಬೆರ್ಗ್ ಸುರಂಗಕ್ಕೆ ಬೇರೆ ಸುಂಕ ವಸೂಲುಮಾಡುತ್ತಾರೆ. ಎಲ್ಲೆಲ್ಲಿಯೂ ರಸ್ತೆಯ ಬಲಮಗ್ಗುಲಲ್ಲಿ ನಡೆಸಬೇಕೆಂಬುದು ಮೊದಲ ದಿನದ ಪರೀಕ್ಷೆ. ಊರಿನ ಲೈಸೆನ್ಸಿನ ಜೊತೆಗೆ ಸಾರಿಗೆ ಕಛೇರಿಯವರು ಒಂದು ವರ್ಷದ ಅವಧಿಗೆ ಕೊಡುವ ಅಂತರರಾಷ್ಟ್ರೀಯ ಪರವಾನಗಿಯನ್ನೂ ಒಯ್ಯಬೇಕು. ಒಂದಿಲ್ಲದೆ ಇನ್ನೊಂದು ನಡೆಯದು. ಹುಣಸಗಿಯವರಿಗೆ ಆ ಕಛೇರಿಯು ಯಾದಗಿರಿಯಲ್ಲಿದೆ.

ಋತುವನ್ನು ಕಡೆಗಣಿಸಬಾರದು. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಕೆಳಗಿನ ಶೀಲಹಳ್ಳಿಯ ಸೇತುವೆ ಮುಳುಗುವುದನ್ನು ಬಲ್ಲವರು ಹೊಳೆಯನ್ನು ಕೇಳಿಯೇ ಹಾದಿ ಹಿಡಿಯುತ್ತಾರೆ. ಆಲ್ಪ್ಸ್ ಪರ್ವತದಲ್ಲಿ ಹೊಳೆಯ ಸ್ಥಾನವನ್ನು ಹಿಮವು ವಹಿಸಿದೆ. ಎತ್ತರದ ಕಣಿವೆದಾರಿಗಳು ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರಿನವರೆಗೆ ಮಾತ್ರ ತೆರೆದಿರುತ್ತವೆ.

ಬುತ್ತಿಯ ವಿಷಯದಲ್ಲಿ ಒಂದು ಮಾತು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಕೈಯಲ್ಲಿ ಏನಾದರೂ ಇರುವುದು ಒಳ್ಳೆಯದು. ಆದರೆ ಹೊರದೇಶದ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಪ್ರಯಾಣಿಕರು ಒಳಕ್ಕೆ ತರಕೂಡದೆಂದು ಯೂರೋಪಿನ ಒಕ್ಕೂಟವು ಕಟ್ಟುಮಾಡಿದೆ. ಹೀಗಾಗಿ ಕಟಕಟಿ ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿಗಳು ಗಂಟಿನಲ್ಲಿ ನಿರಾತಂಕವಾಗಿ ಹೋಗಬಹುದು. ತುಪ್ಪದ ಡಬ್ಬಿಯೂ ಪೇಡೆಯೂ ಮನೆಯಲ್ಲಿಯೇ ಉಳಿಯಬೇಕು.