ಹಿತ್ತಲ ಪರಂಗಿ ಏಕೆ ಕಾಯಿ ಬಿಡಲಿಲ್ಲ?

ತಿಂದು ಎಸೆದ ಬೀಜದಿಂದ ಹಿತ್ತಲಲ್ಲಿ ತಾನಾಗಿ ಎದ್ದ ಪರಂಗಿ (ಪಪ್ಪಾಯಿ) ಗಿಡ ಆಳೆತ್ತರ ಬೆಳೆದು ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ; ಕಾಯಿ ಮಾತ್ರ ಒಂದೂ ಇಲ್ಲ. ‘ಗೊಡ್ಡು ಗಿಡ’ ಎಂದು ಮನೆಯವರು ಕೊಡಲಿ ತರುತ್ತಾರೆ. ಕಡಿಯುವ ಮುನ್ನ ಮಕ್ಕಳನ್ನು ಕರೆದು ಹೂವನ್ನೊಮ್ಮೆ ತೋರಿಸಿ.

ತೆಂಗಿನ ಒಂದೇ ಹೊಂಬಾಳೆಯಲ್ಲಿ ಗಂಡು, ಹೆಣ್ಣು ಹೂಗಳೆರಡೂ ಇರುತ್ತವೆ. ಪರಂಗಿಯಲ್ಲಿ ಹಾಗಲ್ಲ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ; ದ್ವಿಲಿಂಗಿ ಗಿಡಗಳೂ ಉಂಟು. ನೀಳವಾಗಿ ಜೋಲುವ ಕವಲುಗಳಲ್ಲಿ ಸಣ್ಣ ಹೂಗಳು ತೂಗಾಡುತ್ತಿದ್ದರೆ ಅದು ಗಂಡು. ಕಾಂಡಕ್ಕೆ ಅಂಟಿಕೊಂಡಂತೆ ದಪ್ಪ ಹೂವಿದ್ದು, ಎಸಳು ಬಿಡಿಸಿದರೆ ದುಂಡನೆಯ ಅಂಡಾಶಯವಷ್ಟೇ ಕಂಡರೆ ಹೆಣ್ಣು. ಅಂಡಾಶಯ ನೀಳವಾಗಿದ್ದು ಸುತ್ತ ಕೇಸರಗಳೂ ಇದ್ದರೆ ದ್ವಿಲಿಂಗಿ. ಅದರ ಹಣ್ಣೂ ಉದ್ದ. ಪಠ್ಯಪುಸ್ತಕದ ದಾಸವಾಳದ ಚಿತ್ರಕ್ಕಿಂತ ಈ ಪಾಠವೇ ಮೇಲು.

ಸಸಿ ನೋಡಿ ಇದನ್ನೆಲ್ಲ ಹೇಳಲಾಗದು. ಹೂವಿಗಾಗಿ 4-6 ತಿಂಗಳು ಕಾಯಬೇಕು. ಆದ್ದರಿಂದಲೇ ಒಂದು ಗುಂಡಿಗೆ ಮೂರು ಸಸಿ ನೆಟ್ಟು, ಹೂ ಬಂದ ಮೇಲೆ ಒಂದನ್ನು ಉಳಿಸಿಕೊಳ್ಳುವ ರೂಢಿ. ಬುಡದಲ್ಲಿ ನೀರು ನಿಲ್ಲಬಾರದು, ಕಾಂಡ ಕೊಳೆಯುತ್ತದೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ಆಯ್ದು ಬೆಳೆಸಿದ ‘ಕೂರ್ಗ್ ಹನಿ ಡ್ಯೂ’ ತಳಿಯಲ್ಲಿ ಗಂಡು ಗಿಡಗಳೇ ಇಲ್ಲ. ಪುಟ್ಟ ಹಿತ್ತಲಿಗೆ ಅದು ಅನುಕೂಲ.

ಅಂದಹಾಗೆ, ಗಂಡು ಗಿಡ ಗೊಡ್ಡಲ್ಲ. ಪಕ್ಕದ ಮನೆಯ ಹೆಣ್ಣು ಗಿಡ ಕಾಯಿ ಕಟ್ಟುತ್ತಿರುವುದು ಬಹುಶಃ ಅದರ ಪರಾಗದಿಂದಲೇ. ಹತ್ತಿರದಲ್ಲಿ ಬೇರೆ ಗಂಡು ಗಿಡ ಇಲ್ಲದಿದ್ದರೆ ಕೊಡಲಿಯನ್ನು ಒಳಗಿಡಿ.