ಬಾನುಲಿಯ ಹಾಡು ಬದಲಾದ ಬಗೆ

ಸಾಂಗಲಿ ಮತ್ತು ಮಿರಜ ಒಂದಕ್ಕೊಂದು ಹತ್ತಿಕೊಂಡ ಅವಳಿ ಊರುಗಳು. ಮಿರಜ ತಂತಿವಾದ್ಯಗಳ ಊರೆಂದೇ ಪ್ರಸಿದ್ಧ. ಒಣಗಿಸಿದ ಕುಂಬಳ ಬುರುಡೆಯಿಂದ ಇಲ್ಲಿ ತಯಾರಾಗುವ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂಖಾನರು ನೆಲೆಸಿದ್ದು ಇದೇ ಊರಿನಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಹೀಗೆ ಮಿರಜದ ಸ್ವರ ಕನ್ನಡ ನಾಡಿನ ಸ್ವರವೂ ಆಯಿತು.

ಇಂಥ ಸಂಗೀತದ ನೆಲದಲ್ಲಿ 1963ರಲ್ಲಿ ಸಾಂಗಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಬಾನುಲಿ ಬರುವ ಮೊದಲು ಜನರು ಹಾಡು ಕೇಳಬೇಕಾದರೆ ಬೈಠಕ್ಕಿಗೋ ಉರುಸಿಗೋ ಹೋಗಬೇಕಿತ್ತು. ಗ್ರಾಮೊಫೋನ್ ಇದ್ದವರ ಮನೆಯಲ್ಲಿ ತಟ್ಟೆಯ ಒಂದು ಬದಿ ಮೂರು ನಾಲ್ಕು ನಿಮಿಷಕ್ಕೇ ಮುಗಿಯುತ್ತಿತ್ತು. ಬಾನುಲಿಯು ರಾಗಕ್ಕೆ ಹೆಚ್ಚು ಸಮಯ ಕೊಟ್ಟಿತು. ಅದನ್ನು ಮನೆಮನೆಗೆ ತಲುಪಿಸಿತು.

ಆದರೆ ಬಾನುಲಿಯಲ್ಲಿ ಯಾರು ಹಾಡಬೇಕು, ಏನು ಹಾಡಬೇಕು ಎಂಬುದಕ್ಕೆ ನಿಯಮಗಳಿದ್ದವು. ಕಲಾವಿದರು ಮೊದಲು ಧ್ವನಿಪರೀಕ್ಷೆಗೆ ಕುಳಿತುಕೊಳ್ಳಬೇಕು. ಉತ್ತೀರ್ಣರಾದವರಿಗೆ ‘ಬಿ’, ‘ಬಿ ಹೈ’, ‘ಎ’, ‘ಟಾಪ್’ ಎಂಬ ಶ್ರೇಣಿ ಸಿಗುತ್ತದೆ. ಹಳ್ಳಿಯ ಗಾಯಕನೂ ಈ ಪರೀಕ್ಷೆಯ ಮೂಲಕ ಸಾವಿರಾರು ಮನೆಗಳ ಕಿವಿಗೆ ಬೀಳಬಹುದಿತ್ತು. ವಿಚಿತ್ರವೆಂದರೆ, ಹಾರ್ಮೋನಿಯಮ್ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲವೆಂದು ಆಕಾಶವಾಣಿಯು 1940ರಲ್ಲಿ ಅದನ್ನು ನಿಷೇಧಿಸಿತ್ತು. ಸಾಂಗಲಿ ಕೇಂದ್ರ ಆರಂಭವಾದಾಗಲೂ ಆ ನಿಷೇಧ ಇತ್ತು. 1971ರಿಂದ ಹಂತಹಂತವಾಗಿ ಅದನ್ನು ಸಡಿಲಿಸಲಾಯಿತು.

ಚಿತ್ರಗೀತೆಗಳ ಕಥೆಯೂ ಸ್ವಾರಸ್ಯಕರವಾಗಿದೆ. 1952ರಲ್ಲಿ ಪ್ರಸಾರ ಖಾತೆಯ ಸಚಿವರಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚಿನ ಸ್ಥಾನ ಕೊಟ್ಟರು, ಚಿತ್ರಗೀತೆಗಳನ್ನು ದೂರವಿಟ್ಟರು. ಕೇಳುಗರು ಸುಮ್ಮನಿರಲಿಲ್ಲ. ಅವರು ರೇಡಿಯೋದ ಗುಂಡಿ ತಿರುವಿ ಸಿಲೋನ್ ಕೇಂದ್ರವನ್ನು ಹಿಡಿದರು. ಅವರನ್ನು ಮರಳಿ ಕರೆತರಲು ಆಕಾಶವಾಣಿಯು 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ಯನ್ನು ಆರಂಭಿಸಿತು. 1967ರಿಂದ ಅದರಲ್ಲಿ ಜಾಹೀರಾತುಗಳೂ ಬಂದವು. ಕೇಳುಗನ ಮೆಚ್ಚುಗೆಯೂ ಬಾನುಲಿಯನ್ನು ಬದಲಿಸಬಲ್ಲದು ಎಂಬುದಕ್ಕೆ ಇದೊಂದು ಉದಾಹರಣೆ.

ಮುಂದೆ ಎಫ್.ಎಂ. ಬಂದಿತು. ಸರಕಾರವು 2005ರಲ್ಲಿ ಖಾಸಗಿ ಎಫ್.ಎಂ.ನ ಎರಡನೆಯ ಹಂತವನ್ನು ಪ್ರಕಟಿಸಿದ ಮೇಲೆ ಸಾಂಗಲಿಯಂಥ ಊರುಗಳಿಗೂ ಖಾಸಗಿ ಕೇಂದ್ರಗಳು ಬಂದವು. ಇವುಗಳ ಆದಾಯ ಜಾಹೀರಾತಿನಿಂದ. ಆದ್ದರಿಂದ ಹೆಚ್ಚು ಜನ ಮೆಚ್ಚುವ ಹೊಸ ಚಿತ್ರಗೀತೆಗಳನ್ನೇ ಇವು ಮತ್ತೆಮತ್ತೆ ಕೇಳಿಸುತ್ತವೆ. ಧ್ವನಿ ಸ್ವಚ್ಛವಾಯಿತು, ನಿರೂಪಕರ ಮಾತು ಚುರುಕಾಯಿತು. ಆದರೆ ನಿಧಾನವಾಗಿ ಅರಳುವ ರಾಗಕ್ಕೆ, ಊರಿನ ಭಜನಾ ಮಂಡಳಿಗೆ ಅಲ್ಲಿ ಜಾಗ ಸಿಗುವುದು ಕಷ್ಟ.

ಗಡಿಭಾಗದ ನಮಗೆ ಇನ್ನೊಂದು ಸಂಗತಿ ಮುಖ್ಯ. ಸಾಂಗಲಿ ಕೇಂದ್ರವು ಬಹುಕಾಲ 1251 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ ಕೇಳಿಸಿತು. ಆ ತರಂಗದ ಉದ್ದ ಸುಮಾರು 240 ಮೀಟರ್. ಇಂಥ ಉದ್ದ ತರಂಗಗಳು ನೆಲವನ್ನು ಅನುಸರಿಸಿ ದೂರ ಸಾಗುತ್ತವೆ. ರಾತ್ರಿ ವಾತಾವರಣದ ಮೇಲಿನ ಪದರದಿಂದ ಪ್ರತಿಫಲಿಸಿ ಇನ್ನೂ ದೂರ ತಲುಪುತ್ತವೆ. ಅವುಗಳಿಗೆ ರಾಜ್ಯದ ಗಡಿ ಅಡ್ಡ ಬರುವುದಿಲ್ಲ. 1950ರಲ್ಲಿ ಆರಂಭವಾದ ಧಾರವಾಡ ಕೇಂದ್ರದ್ದೂ ಮಧ್ಯಮ ತರಂಗವೇ. ಹೀಗಾಗಿ ಗಡಿಯ ಮನೆಗಳಲ್ಲಿ ಒಂದೇ ರೇಡಿಯೋ ಮರಾಠಿ ಅಭಂಗವನ್ನೂ ಕನ್ನಡ ವಚನವನ್ನೂ ಹಾಡಿತು. ಎಫ್.ಎಂ. ತರಂಗದ ಉದ್ದ ಸುಮಾರು ಮೂರು ಮೀಟರ್ ಮಾತ್ರ. ಅದು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುವುದರಿಂದ ಗೋಪುರದ ಸುತ್ತಲಿನ ಪ್ರದೇಶಕ್ಕಷ್ಟೇ ಸಿಗುತ್ತದೆ. ಧ್ವನಿ ತಿಳಿಯಾದಷ್ಟೂ ನೆರೆನಾಡಿನ ಹಾಡು ದೂರವಾಯಿತು.

ಈಗ ಮೊಬೈಲಿನಲ್ಲಿ ಧಾರವಾಡವನ್ನೂ ಸಾಂಗಲಿಯನ್ನೂ ಕೇಳಬಹುದು. ದೂರ ಮತ್ತೆ ಅಳಿಯಿತು. ಆದರೆ ಮೊದಲು ರೇಡಿಯೋದ ಮುಳ್ಳು ತಿರುಗಿಸುವಾಗ ಹುಡುಕದ ಹಾಡೂ ತಾನಾಗಿ ಕಿವಿಗೆ ಬೀಳುತ್ತಿತ್ತು. ಮೊಬೈಲಿನಲ್ಲಿ ನಾವು ಹುಡುಕಿದ್ದೇ ಸಿಗುತ್ತದೆ. ಹೆಸರೇ ತಿಳಿಯದ ಹಾಡನ್ನು ಹುಡುಕುವವರಾರು?

ವಿದ್ಯಾರ್ಥಿಗಳೇ, ಒಂದು ದಿನ ಆಕಾಶವಾಣಿಯನ್ನೂ ಒಂದು ಖಾಸಗಿ ಕೇಂದ್ರವನ್ನೂ ಒಂದೊಂದು ಗಂಟೆ ಕೇಳಿರಿ. ಯಾವ ಭಾಷೆಯ, ಯಾವ ಬಗೆಯ ಎಷ್ಟು ಹಾಡುಗಳು ಬಂದವೆಂದು ಬರೆದುಕೊಳ್ಳಿರಿ. ನಿಮ್ಮ ಊರಿನಲ್ಲಿ ಹಾಡುವವರ ದನಿ ಆ ಪಟ್ಟಿಯಲ್ಲಿ ಇದೆಯೇ ನೋಡಿರಿ. ಇಲ್ಲದಿದ್ದರೆ ಅವರ ಬಳಿಗೇ ಹೋಗಿ ಕೇಳಿರಿ.